ನಾನು ಮಾಡಿದೆ ಎನ್ನಲು ಬಾರದವರು

ಊರಿನವರು ಅವಳನ್ನು ತಿದ್ದಕ್ಕ ಎಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಅದು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ, ಅಲ್ಲೂ ತಪ್ಪಾಗಿ ಅಚ್ಚಾಗಿತ್ತು. ಊರಿನ ದಿನಪತ್ರಿಕೆಯಲ್ಲಿ ಕರಡು ತಿದ್ದುವುದು ಅವಳ ಉದ್ಯೋಗ. ಕಚೇರಿಯಿಂದ ಹೊರಗೆ ಬಂದ ಮೇಲೂ ಕಣ್ಣು ಸುಮ್ಮನಿರುತ್ತಿರಲಿಲ್ಲ. ಬೋರ್ಡಿನ ಮೇಲೆ 'ಔಷದ' ಎಂದು ಬರೆಸಿಕೊಂಡಿದ್ದ ಅಂಗಡಿಯವನ ಮುಂದೆ ನಿಂತು, "ಔಷಧಿ ಅಂಗಡಿಯೋರೇ ಮಹಾಪ್ರಾಣ ಕಳೆದುಬಿಟ್ರೆ ರೋಗಿಗಳ ಗತಿ ಏನು?" ಎಂದು ಕೇಳಿದ್ದಳು. ಅವನು ಮಾರನೆಯ ದಿನವೇ ಅಕ್ಷರದ ಹೊಟ್ಟೆ ಸೀಳಿಸಿ ಸರಿಮಾಡಿಸಿದ. ಅಂದಿನಿಂದ ಈ ಹೆಸರು.

ಅಂಥ ಕಣ್ಣು ಒಂದು ದಿನ ಕೈಕೊಟ್ಟಿತು. ಪುರಸಭೆಯ ಅಧ್ಯಕ್ಷರ ಹುಟ್ಟುಹಬ್ಬಕ್ಕೆ ಮುಖಪುಟದ ತುಂಬ ಜಾಹೀರಾತು ಬಂದಿತ್ತು. 'ಕೊಟ್ಟ ಮಾತು ಉಳಿಸಿದ ನಾಯಕ' ಎಂದು ಅಚ್ಚಾಗಬೇಕಾದಲ್ಲಿ ಒಂದು ಗುಡಿಸು ಜಾರಿಹೋಗಿ 'ಕೊಟ್ಟ ಮಾತು ಉಳಿಸದ ನಾಯಕ' ಎಂದಾಯಿತು. ಜನ ಪತ್ರಿಕೆಯನ್ನು ಮುಗಿಬಿದ್ದು ಕೊಂಡರು. ಓದು ಬಾರದವರೂ ಕೊಂಡು ಪಕ್ಕದವರ ಕೈಲಿ ಓದಿಸಿಕೊಂಡರು. ಅಧ್ಯಕ್ಷರು ಅಂದಿನಿಂದಲೇ ಪುರಸಭೆಯ ಜಾಹೀರಾತು ನಿಲ್ಲಿಸಿದರು. ಸಂಪಾದಕರು ತಲೆಯ ಮೇಲೆ ಎರಡೂ ಕೈ ಹೊತ್ತು, "ಒಂದು ಗುಡಿಸು ನನ್ನ ಪತ್ರಿಕೆಯನ್ನೇ ಗುಡಿಸಿಹಾಕ್ತಲ್ಲಮ್ಮ" ಎಂದರು. ಅವಳ ಮೇಜನ್ನು ಅಂದೇ ಖಾಲಿ ಮಾಡಿಸಿದರು.

"ನಿದ್ದೆಗಣ್ಣಲ್ಲಿ ತಪ್ಪಿಹೋಯ್ತು" ಎಂದು ಅವಳು ಅಮ್ಮನ ಮುಂದೆ ಹೇಳಿದಳು.

"ನಿನ್ನ ನಿದ್ದೆಗಣ್ಣು ನನಗೆ ಗೊತ್ತಿಲ್ವಾ" ಎಂದಷ್ಟೇ ಹೇಳಿ ಅಮ್ಮ ಕಿಟಕಿಯತ್ತ ತಿರುಗಿದರು. ಅಮ್ಮ ವಯಸ್ಸಿದ್ದಾಗ ಸಿನಿಮಾ ಮಂದಿರದ ಟಿಕೆಟ್ ಕಿಂಡಿಯಲ್ಲಿ ಕೂತು ದುಡಿದವರು. ಮಂದಿರ ಮುಚ್ಚಿದ ಮೇಲೆ ಮನೆಯ ಕಿಟಕಿಯೇ ಅವರ ಕಿಂಡಿ. ಬೀದಿಯಲ್ಲಿ ಹೋಗುವವರು ಒಂದು ಮಾತು ಕೊಟ್ಟು ಒಂದು ಮಾತು ಪಡೆದೇ ಮುಂದೆ ಹೋಗಬೇಕು.

ಕೆಲಸ ಹುಡುಕುವುದು ಕೆಲಸಕ್ಕಿಂತ ದೊಡ್ಡ ಕೆಲಸವಾಯಿತು. ಖಾಸಗಿ ಶಾಲೆಯ ಮುಖ್ಯೋಪಾಧ್ಯಾಯರು ಅವಳ ಅಂಕಪಟ್ಟಿಯನ್ನು ಬದಿಗೆ ಸರಿಸಿ, "ನಿಮ್ಮ ಮನೆಯೋರು ಯಾವ ಕಡೆ?" ಎಂದರು.

"ಬಸ್ ನಿಲ್ದಾಣದ ಕಡೆ ಸರ್."

"ಅದಲ್ಲಮ್ಮ. ಅಧ್ಯಕ್ಷರ ಕಡೆಯೋ, ವಿರೋಧ ಪಕ್ಷದ ಕಡೆಯೋ?"

"ಹೊಟ್ಟೆ ಹಸಿದಾಗ ಅಡುಗೆಮನೆ ಕಡೆ."

ಆ ಕೆಲಸ ಯಾವುದೋ ಒಂದು ಕಡೆ ಇದ್ದವರಿಗೆ ಹೋಯಿತು. ಗ್ರಂಥಾಲಯದವರು ಕರೆದಾಗ ಬಾಗಿಲಿಗೆ 'ಸಂದರ್ಷನ' ಎಂದು ಚೀಟಿ ಅಂಟಿಸಿದ್ದರು. ಕುರ್ಚಿಯಲ್ಲಿ ಕೂರುವ ಮೊದಲೇ ಅದನ್ನು ತೋರಿಸಿಕೊಟ್ಟಳು. ಆ ಸಂದರ್ಶನ ನಮಸ್ಕಾರದಿಂದ ನಮಸ್ಕಾರಕ್ಕೆ ಮುಗಿಯಿತು.

"ಕೆಲಸ ಸಿಕ್ಕ ಮೇಲೆ ತಿದ್ದಿದ್ರೆ ಆಗ್ತಿರಲಿಲ್ವೇನೇ?" ಎಂದರು ಅಮ್ಮ.

"ಅಲ್ಲೀವರೆಗೂ ಅದು ಹಾಗೇ ಇರಬೇಕಿತ್ತಾ?"

ಮನೆಯ ಮುಂದಿನ ಚರಂಡಿಯ ಕಲ್ಲು ಮುರಿದು ಬಾಯಿ ತೆರೆದುಕೊಂಡು ಬಹಳ ಕಾಲವಾಗಿತ್ತು. ಅಧ್ಯಕ್ಷರು ಮೈಕು ಸಿಕ್ಕಲ್ಲೆಲ್ಲ "ಮಾಡಿಸ್ತೀನಿ" ಎನ್ನುತ್ತಿದ್ದರು. ಅದಕ್ಕೇ ಅವರಿಗೆ ಮೈಕಣ್ಣ ಎಂಬ ಅಡ್ಡಹೆಸರು. ವಿರೋಧ ಪಕ್ಷದ ನಾಯಕರು ಎಲ್ಲದಕ್ಕೂ ಧರಣಿ ಕೂರುತ್ತಿದ್ದರಿಂದ ಧರಣಿಯಪ್ಪನಾಗಿದ್ದರು. ಚರಂಡಿಯ ಪಕ್ಕದಲ್ಲೂ ಕೂತರು. ಅವರ ಶಾಮಿಯಾನದ ಕಂಬ ನೆಡಲು ಹೋಗಿ ಇನ್ನೊಂದು ಕಲ್ಲು ಮುರಿಯಿತು. ಮೈಕಣ್ಣನಿಗೆ ಅದೇ ಸಾಕಾಯಿತು. ಚರಂಡಿ ಮುರಿದಿದ್ದು ವಿರೋಧ ಪಕ್ಷದವರು ಎಂದು ಹೇಳಿಕೆ ಕೊಟ್ಟರು. ಆ ಹೇಳಿಕೆಯ ಕರಡನ್ನೂ ತಿದ್ದಕ್ಕನೇ ತಿದ್ದಿದ್ದಳು. ಕಾಗುಣಿತ ತಪ್ಪಿದ್ದರೆ ತಿದ್ದಬಹುದು, ಮನುಷ್ಯರನ್ನು ಎಲ್ಲಿಂದ ತಿದ್ದುವುದು ಎಂದು ಆಗ ಅವಳಿಗೆ ತಲೆ ಕೆಟ್ಟುಹೋಗಿತ್ತು.

ಹೀಗಿರುವಾಗ ಹಳೆಯ ಸಹಪಾಠಿಯೊಬ್ಬಳು ಹೊರದೇಶದಿಂದ ಫೋನು ಮಾಡಿದಳು. ಕಾಲೇಜಿನಲ್ಲಿ ತಿದ್ದಕ್ಕನ ಪಕ್ಕ ಕೂತು ನಕಲು ಹೊಡೆದೇ ಪಾಸಾದವಳು ಅಲ್ಲಿ ಇಂಗ್ಲಿಷ್ ಮೇಡಂ ಆಗಿದ್ದಳು.

"ಇಲ್ಲಿಗೆ ಬಂದುಬಿಡೇ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡೋರಿಗೆ. ಇರೋಕೆ ಕೋಣೆ ಅವರೇ ಕೊಡ್ತಾರೆ. ನೀನು ಯಾವ ಕಡೆ ಅಂತ ಯಾರೂ ಕೇಳಲ್ಲ."

"ಅಲ್ಲಿ ರಾಜಕೀಯ ಹೇಗೆ?"

"ನನಗೇನು ಗೊತ್ತು? ಇಲ್ಲಿನ ಪೇಪರ್ ಓದೋಕೆ ನನಗೆ ಬರಲ್ಲ. ಎಷ್ಟು ನೆಮ್ಮದಿ ಅಂತೀಯ."

ಆ ನೆಮ್ಮದಿ ತಿದ್ದಕ್ಕನ ತಲೆಯಲ್ಲಿ ಕೂತುಬಿಟ್ಟಿತು. ಗೋಡೆಯ ಬರಹ ಓದಲು ಬಾರದ ಊರು. ಭಾಷಣ ಕೇಳಿದರೆ ಹಕ್ಕಿ ಕೂಗಿದಷ್ಟೇ ಹಿತವಾಗಿರುವ ಊರು. ಅಲ್ಲಿ ಯಾರು ಏನು ಸುಳ್ಳು ಹೇಳಿದರೂ ಅವಳ ಕಿವಿಗೆ ವ್ಯಾಕರಣಶುದ್ಧವಾಗಿಯೇ ಇರುತ್ತದೆ. ಆದರೆ ಅಲ್ಲಿನ ಶಾಲೆಯವರು ಒಂದು ಷರತ್ತು ಹಾಕಿದ್ದರು. ಇಂಗ್ಲಿಷ್ ಬಾರದ ವಯಸ್ಕರಿಗೆ ಕೆಲವು ತಿಂಗಳು ಪಾಠ ಮಾಡಿರಬೇಕು, ವಿದ್ಯಾರ್ಥಿಗಳು ಜೋಡಿಯಾಗಿ ಕೂತು ಮಾತಾಡುವ ಒಂದು ತರಗತಿಯ ವೀಡಿಯೊ ಕಳಿಸಬೇಕು.

ಅವಳ ಮನೆಯ ಕೆಳಗೆ ದರ್ಜಿಯ ಅಂಗಡಿ ಇತ್ತು. ಅದರ ಗಾಜಿನ ಮೇಲೆ 'ಮೇಲಿನ ಮನೆಯಲ್ಲಿ ಇಂಗ್ಲಿಷ್ ಕಲಿಸಲಾಗುವುದು, ಶುಲ್ಕವಿಲ್ಲ' ಎಂದು ಬರೆದು ಅಂಟಿಸಿದಳು. ಒಬ್ಬ ಲಾರಿ ಚಾಲಕ ಬಂದು ಎಡ, ಬಲ, ನಿಲ್ಲು ಕಲಿತು, ಇಷ್ಟು ಸಾಕು ಎಂದು ಹೋದ. ಒಬ್ಬ ನರ್ಸಮ್ಮ ಬಂದು ಕೂತಲ್ಲೇ ತೂಕಡಿಸಿ, ಮನೆಯಲ್ಲಿ ಇಷ್ಟು ಚೆನ್ನಾಗಿ ನಿದ್ದೆ ಬರಲ್ಲ ಎಂದು ಹೊಗಳಿ ಹೋದಳು. ಆಮೇಲೆ ಒಂದು ಮುಸ್ಸಂಜೆ ಹಿಂದಿನ ಮೆಟ್ಟಿಲು ಹತ್ತಿಕೊಂಡು ತಲೆಗೆ ಕರವಸ್ತ್ರ ಕಟ್ಟಿಕೊಂಡ ಮನುಷ್ಯರೊಬ್ಬರು ಬಂದರು. ಕರವಸ್ತ್ರ ತೆಗೆದಾಗ ಮೈಕಣ್ಣ.

"ನನ್ನ ಗುಡಿಸು ತಿಂದೋಳು ನೀನೇ ಅಲ್ವೇನಮ್ಮ?"

"ಹೌದು ಸರ್. ನಿದ್ದೆಗಣ್ಣು."

"ಇರ್ಲಿ ಬಿಡು, ಆಗಿದ್ದಾಯ್ತು. ನನಗೆ ಇಂಗ್ಲಿಷ್ ಬೇಕು."

ಸಂಗತಿ ಇಷ್ಟು. ಹೊರದೇಶದ ಊರುಗಳು ಕಸವನ್ನು ಹೇಗೆ ವಿಲೇವಾರಿ ಮಾಡುತ್ತವೆ ಎಂದು ನೋಡಿ ಬರಲು ಪುರಸಭೆಯಿಂದ ಇಬ್ಬರನ್ನು ಕಳಿಸುವುದೆಂದು ಮೇಲಿನಿಂದ ಆದೇಶ ಬಂದಿತ್ತು. ಆಡಳಿತದಿಂದ ಒಬ್ಬರು, ವಿರೋಧ ಪಕ್ಷದಿಂದ ಒಬ್ಬರು. ಆದರೆ ಹೋಗುವವರು ಅಧಿಕಾರಿಗಳ ಮುಂದೆ ಕೂತು ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡಿ ತೋರಿಸಬೇಕಿತ್ತು.

"ಊರಲ್ಲಿ ಇಂಗ್ಲಿಷ್ ಮೇಷ್ಟ್ರು ಒಬ್ಬರು ಇದ್ದಾರಲ್ಲ ಸರ್?"

"ಅವನು ಧರಣಿಯಪ್ಪನ ಭಾಮೈದ. ಇಲ್ಲಿ ನಾನು ತಡವರಿಸಿದ್ರೆ ಅಲ್ಲಿ ಅವನು ನಗ್ತಾನೆ."

ಮಾರನೆಯ ಬೆಳಿಗ್ಗೆ ಮುಂದಿನ ಮೆಟ್ಟಿಲಿನಿಂದ ಧರಣಿಯಪ್ಪ ಬಂದರು. ಮನೆಯಲ್ಲೇ ಮೇಷ್ಟ್ರಿದ್ದರೂ ಇಲ್ಲಿಗೇಕೆ ಎಂದು ಕೇಳಿದ್ದಕ್ಕೆ, "ಭಾಮೈದನ ಹತ್ರ ಕಲಿತ್ರೆ ನನಗೆ ಏನೇನು ಬರಲ್ಲ ಅನ್ನೋದು ಊಟದ ಹೊತ್ತಿಗೆ ನಮ್ಮೋಳಿಗೆ ಗೊತ್ತಾಗಿರುತ್ತೆ" ಎಂದರು. ಆಮೇಲೆ ದನಿ ತಗ್ಗಿಸಿ, "ಆ ಗುಡಿಸಿನ ಕೆಲಸ ಮಾತ್ರ ಬಹಳ ಚೆನ್ನಾಗಿತ್ತು ಮೇಡಂ" ಎಂದು ಸೇರಿಸಿದರು.

ಹೀಗೆ ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು. ಇಬ್ಬರಿಗೂ ಮತ್ತೊಬ್ಬರ ಸುಳಿವಿಲ್ಲ. ಆದರೆ ತಿದ್ದಕ್ಕನಿಗೆ ಜೋಡಿ ಬೇಕಿತ್ತು. ಊರೆಲ್ಲ ಜರಡಿ ಹಿಡಿದರೂ ಬಿಡದೆ ಬರುವ ವಿದ್ಯಾರ್ಥಿಗಳೆಂದರೆ ಇವರಿಬ್ಬರೇ. ಒಂದು ದಿನ ಇಬ್ಬರಿಗೂ ಒಂದೇ ಹೊತ್ತು ಹೇಳಿದಳು. ಮುಂದಿನ ಬಾಗಿಲು ಒಬ್ಬರು ತಟ್ಟಿದರು, ಹಿಂದಿನದನ್ನು ಇನ್ನೊಬ್ಬರು. ನಡುಮನೆಯಲ್ಲಿ ಎದುರುಬದುರಾದಾಗ ಇಬ್ಬರ ಕೈಯಲ್ಲೂ ಒಂದೇ ಬಣ್ಣದ ಮಕ್ಕಳ ಪಠ್ಯಪುಸ್ತಕ.

"ಇದೇನಮ್ಮ ಇದು?" ಎಂದರು ಮೈಕಣ್ಣ.

"ಇದು ಪಿತೂರಿ" ಎಂದರು ಧರಣಿಯಪ್ಪ. ಎಲ್ಲಕ್ಕೂ ಅದೇ ಎನ್ನುವುದು ಅವರ ಅಭ್ಯಾಸ.

"ಇದು ಜೋಡಿ ಪಾಠ" ಎಂದಳು ತಿದ್ದಕ್ಕ. "ಯಾರಿಗೆ ಇಷ್ಟ ಇಲ್ವೋ ಅವರು ಹೋಗಬಹುದು. ಉಳಿದೋರಿಗೆ ನಾನು ಗಮನ ಕೊಟ್ಟು ಕಲಿಸ್ತೀನಿ. ವಿಮಾನ ಅವರೊಬ್ಬರೇ ಹತ್ತಲಿ."

ಇಬ್ಬರೂ ಕೂತರು. ಅಮ್ಮ ಚಹಾ ತಂದಿಟ್ಟು, ಅಂಥ ಮ್ಯಾಟಿನಿ ಬಿಡಬಾರದೆಂದು ಕಿಟಕಿಯ ಕುರ್ಚಿಯನ್ನು ಒಳಮುಖ ತಿರುಗಿಸಿಕೊಂಡರು.

"ನೈಸ್ ಟು ಮೀಟ್ ಯು" ಎಂದರು ಮೈಕಣ್ಣ, ಔಷಧಿ ನುಂಗಿದವರ ಹಾಗೆ.

"ನೈಸ್ ಟು ಮೀಟ್ ಯು ಟೂ" ಎಂದರು ಧರಣಿಯಪ್ಪ, ಗೋಡೆ ನೋಡುತ್ತ.

ಹೆಸರು, ಮನೆ, ಮಕ್ಕಳು, ಬಣ್ಣ, ವಾರಗಳು ಎಲ್ಲ ಸಲೀಸಾಗಿ ದಾಟಿದವು. ಗಾಡಿ ಕೆಸರಿಗೆ ಸಿಕ್ಕಿಕೊಂಡಿದ್ದು ಭೂತಕಾಲದಲ್ಲಿ.

"ನಿನ್ನೆ ಏನು ಮಾಡಿದಿರಿ? ಒಂದು ವಾಕ್ಯ ಹೇಳಿ ಸರ್."

"ಐ ವಿಲ್ ಮೇಕ್ ಎ ಬಿಗ್ ಪಾರ್ಕ್" ಎಂದರು ಮೈಕಣ್ಣ.

"ಅದು ಭವಿಷ್ಯತ್ತು. ನಾನು ಕೇಳಿದ್ದು ನಿನ್ನೆಯ ವಿಷಯ."

"ನಿನ್ನೆ... ಐ ವಿಲ್..." ಮೈಕಣ್ಣ ಬೆವರು ಒರೆಸಿಕೊಂಡರು. "ಏನಮ್ಮ ಮಾಡೋದು, ಬಾಯಿ ತೆಗೆದ್ರೆ ಅದೇ ಬರುತ್ತೆ."

ಧರಣಿಯಪ್ಪನಿಗೆ ಭೂತಕಾಲ ಚೆನ್ನಾಗಿಯೇ ಬರುತ್ತಿತ್ತು. "ದೇ ಡಿಡ್ ನಾಟ್ ಮೇಕ್ ದ ಪಾರ್ಕ್" ಎಂದು ಒಂದೇ ಉಸಿರಿಗೆ ಹೇಳಿದರು. ಆದರೆ 'ಅವರು' ಬಿಟ್ಟು 'ನಾನು' ಹಾಕಿ, 'ಮಾಡಲಿಲ್ಲ' ಬಿಟ್ಟು 'ಮಾಡಿದೆ' ಹಾಕಿ ಎಂದರೆ ನಾಲಿಗೆ ಮರದ ತುಂಡಾಗುತ್ತಿತ್ತು.

ತಿದ್ದಕ್ಕ ಮನೆಯಿಂದ ಒಂದು ವಾಕ್ಯ ಬರೆದು ತರುವ ಮನೆಪಾಠ ಕೊಟ್ಟಳು. 'ನಾನು' ಎಂದು ಶುರುವಾಗಬೇಕು, 'ಮಾಡಿದೆ' ಎಂದು ಮುಗಿಯಬೇಕು. ಜೊತೆಗೆ ನಿಜವಾಗಿರಬೇಕು.

"ನಿಜ ಅನ್ನೋದು ಪುಸ್ತಕದಲ್ಲಿ ಇಲ್ವಲ್ಲ ಮೇಡಂ?" ಎಂದರು ಧರಣಿಯಪ್ಪ ಪುಟ ತಿರುವುತ್ತ.

"ನಾನು ಕರಡು ತಿದ್ದೋಳು ಸರ್. ಹೋಗಿ ನೋಡಿ ಬರ್ತೀನಿ. ಅಧಿಕಾರಿಗಳ ಮುಂದೆ ತಡವರಿಸಬಾರದು ಅಂದ್ರೆ ಮನಸ್ಸಿನಿಂದ ಬಂದ ವಾಕ್ಯ ಆಗಿರಬೇಕು."

ಮುಂದಿನ ತರಗತಿಗೆ ಮೈಕಣ್ಣ "ಐ ಡ್ರ್ಯಾಂಕ್ ಟೀ" ಎಂದು ಬರೆದು ತಂದರು. ಅದು ಯಾರು ಬೇಕಾದರೂ ಹೇಳಬಹುದು, ಅಧ್ಯಕ್ಷರು ಮಾತ್ರ ಹೇಳಬಲ್ಲ ವಾಕ್ಯ ಬೇಕು ಎಂದು ಹಿಂದಿರುಗಿಸಿದಳು. ಆಗ ಕಿಟಕಿಯ ಕಡೆಯಿಂದ ಅಮ್ಮ, ಏನೂ ಗೊತ್ತಿಲ್ಲದವರ ಹಾಗೆ, "ಚರಂಡಿಗೆ ಕಲ್ಲು ಮುಚ್ಚಿಸಿದೆ ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ ಮಗಳೇ?" ಎಂದರು.

ತಿದ್ದಕ್ಕ ಹಲಗೆಯ ಮೇಲೆ ಬರೆದಳು. ಮೈಕಣ್ಣ ಅದನ್ನೇ ದಿಟ್ಟಿಸಿ ನೋಡಿದರು. ಸಣ್ಣ ವಾಕ್ಯ, ಕಷ್ಟದ ಪದವಿಲ್ಲ. ಬಾಯಿಪಾಠ ಮಾಡಿದರೆ ಹಲ್ಲಿಗೂ ಸಿಕ್ಕಿಕೊಳ್ಳುವುದಿಲ್ಲ. ಒಂದೇ ತೊಂದರೆ, ಅದು ನಿಜವಲ್ಲ.

ಎರಡು ದಿನ ಕಳೆಯುವುದರೊಳಗೆ ಬೀದಿಗೆ ಕಲ್ಲು ಹೊತ್ತ ಟ್ರ್ಯಾಕ್ಟರು ಬಂತು. ದರ್ಜಿ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಹೊರಗೆ ಬಂದು ನೋಡಿದ. ಚುನಾವಣೆ ಹತ್ತಿರವಿಲ್ಲ, ಮಂತ್ರಿ ಬರುತ್ತಿಲ್ಲ, ಇದೇನು ಎಂದು ಜನ ಅನುಮಾನಪಟ್ಟರು. ಅಂದು ಸಂಜೆ ಮೈಕಣ್ಣ ಎದೆ ಮುಂದೆ ಮಾಡಿಕೊಂಡು "ಐ ಕವರ್ಡ್ ದ ಡ್ರೈನ್" ಎಂದರು. ತಿದ್ದಕ್ಕ ಕೆಳಗಿಳಿದು ಕಲ್ಲಿನ ಮೇಲೆ ಕಾಲೂರಿ ನೋಡಿ ಬಂದು, ಅವರ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ 'ಸರಿ' ಹಾಕಿದಳು. ಅಷ್ಟು ದೊಡ್ಡ ಮನುಷ್ಯ ಆ ಗುರುತನ್ನು ಧರಣಿಯಪ್ಪನಿಗೆ ಕಾಣುವ ಹಾಗೆ ಹಿಡಿದುಕೊಂಡು ಕೂತರು.

ಧರಣಿಯಪ್ಪನಿಗೆ ಹೊಟ್ಟೆ ಉರಿಯಿತು. ಅಧಿಕಾರವಿಲ್ಲದವನು ಏನು ಮಾಡಲಿ ಎಂದು ಗೊಣಗುತ್ತ ಹೋದವರು, ಹಿಂಬಾಲಕರನ್ನು ಕರೆದುಕೊಂಡು ಬಂದು ಬಸ್ ತಂಗುದಾಣಕ್ಕೆ ಸುಣ್ಣ ಬಳಿಸಿದರು. "ಐ ಪೇಂಟೆಡ್ ದ ಬಸ್ ಸ್ಟಾಪ್." ಅವರಿಗೂ ಕೆಂಪು ಗುರುತು ಸಿಕ್ಕಿತು.

ಇನ್ನು ತಿದ್ದಕ್ಕನ ಆಸೆಗೆ ಮಿತಿ ಇರಲಿಲ್ಲ. ಕ್ರಿಯಾಪದಗಳನ್ನು ಪುಸ್ತಕದ ಕ್ರಮದಲ್ಲಿ ಕಲಿಸುವುದು ಬಿಟ್ಟು ಬೀದಿಯ ಕ್ರಮದಲ್ಲಿ ಕಲಿಸತೊಡಗಿದಳು. ನೀರಿನ ಕೊಳವೆ ಒಡೆದಿದ್ದ ವಾರ 'ರಿಪೇರ್' ಬಂತು. ಕಸದ ಗುಡ್ಡೆ ಬೆಳೆದ ವಾರ 'ರಿಮೂವ್' ಬಂತು. ಆಸ್ಪತ್ರೆಯ ಹತ್ತಿರ ಬೀದಿದೀಪ ಹೋದಾಗ 'ಚೇಂಜ್' ಎಂಬ ಪದ ಬಹಳ ಮುಖ್ಯ, ಅಧಿಕಾರಿಗಳು ಕೇಳೇ ಕೇಳುತ್ತಾರೆ ಎಂದಳು. ಅಮ್ಮ ಕಿಟಕಿಯಲ್ಲಿ ಕೂತು ಹೋಗುವ ಬರುವವರಿಂದ ದೂರು ಸಂಗ್ರಹಿಸಿ, ಮುಂದಿನ ಪಾಠಕ್ಕೆ ಪದ ಸೂಚಿಸುತ್ತಿದ್ದರು.

ಕೊನೆಗೆ ವೀಡಿಯೊ ತೆಗೆಯುವ ದಿನ ಬಂತು. ಇಬ್ಬರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎದುರುಬದುರು ಕೂತರು.

"ವಾಟ್ ಡಿಡ್ ಯು ಡೂ?" ಎಂದು ಕೇಳಿದರು ಧರಣಿಯಪ್ಪ.

"ಐ ಕವರ್ಡ್ ದ ಡ್ರೈನ್. ಐ ರಿಪೇರ್ಡ್ ದ ಪೈಪ್. ವಾಟ್ ಡಿಡ್ ಯು ಡೂ?"

"ಐ ಪೇಂಟೆಡ್ ದ ಬಸ್ ಸ್ಟಾಪ್. ಐ ಚೇಂಜ್ಡ್ ದ ಲೈಟ್."

ಅಲ್ಲಿಗೆ ಪಾಠ ಮುಗಿದಿತ್ತು. ಆದರೆ ಮೈಕಣ್ಣ, ಹೇಳಿಕೊಡದಿದ್ದ ಮಾತೊಂದನ್ನು ಆಡಿದರು. "ವೆರಿ ಗುಡ್ ವರ್ಕ್."

ಧರಣಿಯಪ್ಪನ ಕಿವಿ ಕೆಂಪಾಯಿತು. ಇಷ್ಟು ವರ್ಷದ ರಾಜಕೀಯದಲ್ಲಿ ಎದುರಿನವರಿಂದ ಅಂಥ ಮಾತು ಅವರು ಕೇಳಿರಲಿಲ್ಲ. "ಥ್ಯಾಂಕ್ಯೂ. ಯು ಆಲ್ಸೋ" ಎಂದರು ಮೆಲ್ಲಗೆ.

ಅವರು ಹೋದ ಮೇಲೆ ತಿದ್ದಕ್ಕ ಕುಣಿಯುವುದೊಂದು ಬಾಕಿ. ಅಮ್ಮ ಮಾತ್ರ ಚಹಾ ಲೋಟ ಎತ್ತುತ್ತ, "ಇವರಿಬ್ಬರೂ ಬೈದಾಡ್ತಿದ್ದಾಗಲೇ ನಮಗೆ ಇಷ್ಟು ಕಷ್ಟ ಇತ್ತು. ಹೊಗಳಾಡೋಕೆ ಶುರು ಮಾಡಿದ್ರೆ ನಮ್ಮ ಪಾಡೇನೇ?" ಎಂದರು.

"ಹೋಗಮ್ಮ, ನಿನಗೆ ಎಲ್ಲದರಲ್ಲೂ ಅನುಮಾನ."

ಇಬ್ಬರೂ ಪರೀಕ್ಷೆಯಲ್ಲಿ ಪಾಸಾದರು. ಹೊರಡುವ ಮುಂಚಿನ ಕೊನೆಯ ಪಾಠ ಬಹುವಚನದ್ದು. 'ಐ' ಬಿಟ್ಟು 'ವಿ' ಹೇಳುವುದನ್ನು ತಿದ್ದಕ್ಕ ಸಾಂಗವಾಗಿ ಕಲಿಸಿ ಕಳಿಸಿದಳು. ಅವರು ಹೊರದೇಶದಲ್ಲಿ ಒಂದೇ ಕೋಣೆಯಲ್ಲಿ ಉಳಿದರು, ಒಂದೇ ಥರದ ಟೋಪಿ ಕೊಂಡರು, ಕಸದ ಗಾಡಿಯ ಮುಂದೆ ಹೆಗಲ ಮೇಲೆ ಕೈ ಹಾಕಿಕೊಂಡು ಫೋಟೊ ತೆಗೆಸಿಕೊಂಡರು. ಹಿಂದಿರುಗಿದ ಮೇಲೆ ಪುರಸಭೆಯ ಮೆಟ್ಟಿಲ ಮೇಲೆ ಒಂದೇ ಮೈಕಿನ ಮುಂದೆ ನಿಂತು, ಊರಿನ ಅಭಿವೃದ್ಧಿಗಾಗಿ ತಾವು ಒಂದಾಗಿದ್ದೇವೆಂದು ಸಾರಿದರು. ಅಧ್ಯಕ್ಷಗಿರಿ ಅರ್ಧ ಅವಧಿ ಇವರಿಗೆ, ಅರ್ಧ ಅವಧಿ ಅವರಿಗೆ. ಕೊನೆಗೆ ಇಬ್ಬರೂ ಒಟ್ಟಿಗೆ ಇಂಗ್ಲಿಷಿನಲ್ಲಿ "ವಿ ವಿಲ್" ಎಂದರು. ಏನು ಎಂದು ಹೇಳಲಿಲ್ಲ.

ಧರಣಿ ನಿಂತಿತು, ಪ್ರಶ್ನೆ ನಿಂತಿತು. ಮನೆಪಾಠವಿಲ್ಲದ್ದರಿಂದ ಕೆಲಸವೂ ನಿಂತಿತು. ದೂರು ಹೇಳಲು ಮೈಕಣ್ಣನ ಮನೆಗೆ ಹೋದರೆ ಧರಣಿಯಪ್ಪನೇ ಬಾಗಿಲು ತೆರೆದು, ಅಧ್ಯಕ್ಷರು ಸ್ನಾನಕ್ಕೆ ಹೋಗಿದ್ದಾರೆ ಎನ್ನುತ್ತಿದ್ದರು. ತಿದ್ದಕ್ಕನಿಗೆ ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುವಂತಾಯಿತು. ಒಬ್ಬೊಬ್ಬರನ್ನೇ ತಿದ್ದಿದ್ದು ನಿಜ, ಆದರೆ ಸಂಧಿ ಮಾಡಿದ್ದೂ ಅವಳೇ. ಸಂಧಿಯಾದಾಗ ಏನಾದರೊಂದು ಲೋಪವಾಗಬಹುದು ಎಂದು ವ್ಯಾಕರಣ ಓದಿದವಳಿಗೆ ಹೊಳೆಯಬೇಕಿತ್ತು.

ಹೊರದೇಶದ ಶಾಲೆಯವರು ವೀಡಿಯೊ ನೋಡಿ ಮೆಚ್ಚಿ, ಕಂಪ್ಯೂಟರಿನಲ್ಲೇ ಸಂದರ್ಶನ ಮಾಡಿದರು. ಎಡವಟ್ಟಾದ ಒಂದು ಪಾಠದ ಬಗ್ಗೆ ಹೇಳಿ ಎಂದರು. ಅವಳು ಬಹುವಚನದ ಪಾಠದ ಕಥೆ ಹೇಳಿದಳು. ಆ ಕಡೆಯ ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕು, ನಮ್ಮೂರಲ್ಲೂ ಅಂಥ ಇಬ್ಬರಿದ್ದಾರೆ, ಯಾವಾಗ ಬರುತ್ತೀರಿ ಎಂದಳು.

ಅದೇ ವಾರ ಜೋಡಿ ನಾಯಕರೂ ಮನೆಗೆ ಬಂದರು. ಈ ಸಲ ಇಬ್ಬರೂ ಮುಂದಿನ ಮೆಟ್ಟಿಲಿನಿಂದಲೇ.

"ಮೇಡಂ, ನಿಮ್ಮ ಋಣ ನಮ್ಮ ಮೇಲಿದೆ" ಎಂದರು ಮೈಕಣ್ಣ. "ಪುರಸಭೆಯಲ್ಲಿ ಭಾಷಾ ಸಲಹೆಗಾರರು ಅಂತ ಹೊಸ ಹುದ್ದೆ ಮಾಡಿದೀವಿ. ನಿಮಗೇ."

"ಏನು ಕೆಲಸ ಸರ್?"

"ನಮ್ಮ ಭಾಷಣ ನೋಡಿಕೊಡೋದು" ಎಂದರು ಧರಣಿಯಪ್ಪ. "ತಪ್ಪು ಬರದ ಹಾಗೆ."

"ಕಾಗುಣಿತದ ತಪ್ಪಾ?"

"ಮತ್ತಿನ್ಯಾವ ತಪ್ಪು?" ಎಂದು ಇಬ್ಬರೂ ಪ್ರಾಮಾಣಿಕವಾಗಿಯೇ ಆಶ್ಚರ್ಯಪಟ್ಟರು.

ಅವಳಿಗೆ ನಗು ಬಂತು. ಇಷ್ಟು ದಿನ ಇಲ್ಲಿ ಕೆಲಸ ಸಿಗದ್ದಕ್ಕೇ ದೂರ ಹೋಗುತ್ತಿದ್ದೇನೆ ಎಂದುಕೊಂಡಿದ್ದಳು. ಈಗ ಕೆಲಸವೇ ಮನೆಬಾಗಿಲಿಗೆ ಬಂದು ಕೂತಿತ್ತು. ಅದನ್ನು ನೋಡಿದ ಮೇಲೆ ಹೊರಡುವ ಮನಸ್ಸು ಇನ್ನಷ್ಟು ಗಟ್ಟಿಯಾಯಿತು. "ಯೋಚನೆ ಮಾಡಿ ಹೇಳ್ತೀನಿ ಸರ್" ಎಂದಳು. ಅವರದೇ ಭವಿಷ್ಯತ್ಕಾಲದಲ್ಲಿ.

ಅಮ್ಮ ತಡೆಯಲಿಲ್ಲ. ಪೆಟ್ಟಿಗೆಯಲ್ಲಿ ಬಟ್ಟೆ ಮಡಿಸಿಡುತ್ತ, "ಹೋಗು. ಕಿಟಕಿ ನಾನು ನೋಡ್ಕೋತೀನಿ" ಎಂದರು. ಮಗಳು ಬೆಚ್ಚಗಿನ ಕೋಟು ಕೊಂಡಿದ್ದನ್ನು ನೋಡಿ, ಅದರ ಗುಂಡಿ ಎಳೆದು ನೋಡಿ, ಕೆಳಗೆ ಹೋಗಿ ದರ್ಜಿಯಿಂದ ಮತ್ತೆ ಹೊಲಿಸಿಕೊಂಡು ಬಂದರು.

ಆ ಊರು ಸಹಪಾಠಿ ಹೇಳಿದಂತೆಯೇ ಇತ್ತು. ಬೋರ್ಡುಗಳನ್ನು ಓದಲು ಬಾರದ್ದರಿಂದ ತಿದ್ದಕ್ಕನ ಕಣ್ಣಿಗೆ ಜೀವಮಾನದಲ್ಲಿ ಮೊದಲ ಸಲ ರಜೆ ಸಿಕ್ಕಿತು. ಸಂಜೆಯ ತರಗತಿಗೆ ಒಬ್ಬ ಹಲ್ಲಿನ ವೈದ್ಯೆ, ನಿವೃತ್ತ ಅಂಚೆಯವರೊಬ್ಬರು, ಮದುವೆ ಫೋಟೊ ತೆಗೆಯುವ ಅಣ್ಣತಮ್ಮಂದಿರು ಬರುತ್ತಿದ್ದರು. ಯಾರಿಗೂ ಮನೆಪಾಠಕ್ಕಾಗಿ ಚರಂಡಿ ಮುಚ್ಚಿಸುವ ಅಗತ್ಯವಿರಲಿಲ್ಲ. ಸಪ್ಪೆ ಎನಿಸಿದ ದಿನಗಳೂ ಇದ್ದವು.

ಚಳಿಗಾಲದಲ್ಲಿ ಅಮ್ಮನ ಫೋನು ಬಂತು.

"ನಮ್ಮ ವಾರ್ಡಿಗೆ ಉಪಚುನಾವಣೆ ಬಂದಿದೆ ಕಣೇ. ಇಬ್ಬರೂ ಸೇರಿ ಆ ಭಾಮೈದ ಮೇಷ್ಟ್ರನ್ನ ನಿಲ್ಲಿಸಿದಾರೆ. ಎದುರಿಗೆ ಯಾರೂ ಇಲ್ಲ, ಅವಿರೋಧ ಅಂತ ಸಿಹಿನೂ ಹಂಚಿಬಿಟ್ಟಿದ್ರು."

"ಬಿಟ್ಟಿದ್ರು ಅಂದ್ರೆ?"

"ನಾನು ನಿಂತಿದೀನಿ."

ತಿದ್ದಕ್ಕ ಹಾಸಿಗೆಯ ಮೇಲೆ ಕೂತಳು. "ನಿನಗೆ ಯಾಕಮ್ಮ ಈ ಉಸಾಬರಿ?"

"ಸಿನಿಮಾ ಮಂದಿರದಲ್ಲಿ ಈ ಊರಿಗೆಲ್ಲ ಟಿಕೆಟ್ ಕೊಟ್ಟೋಳು ನಾನು. ನನಗೆ ಟಿಕೆಟ್ ಕೊಡೋಕೆ ಇವರ್ಯಾರು? ಆ ಮಾತು ಬಿಡು, ಕರಪತ್ರಕ್ಕೆ ನಾಲ್ಕು ಸಾಲು ಬರೆದುಕೊಡು. ದರ್ಜಿ ಬರೆದಿದಾನೆ, ಸಾಲಿಗೆ ಮೂರು ತಪ್ಪು."

ಬರೆದುಕೊಟ್ಟಳು. ಅಮ್ಮ ಮನೆಮನೆಗೆ ನಡೆದರು. ಕಿಂಡಿಯೊಳಗಿಂದ ಬರೀ ಕೈ ನೋಡಿ ಅಭ್ಯಾಸವಾಗಿದ್ದರಿಂದ, ಮುಖ ಮರೆತವರನ್ನೂ ಕೈ ನೋಡಿ ಗುರುತು ಹಿಡಿದು, ಯಾರ ಜೊತೆ ಯಾವ ಸಿನಿಮಾಕ್ಕೆ ಬಂದಿದ್ದರೆಂದು ಹೇಳತೊಡಗಿದರು. ಕೆಲವರು ಅಭಿಮಾನದಿಂದ ಮತ ಹಾಕಿದರು. ಇನ್ನು ಕೆಲವರು ಅಮ್ಮ ಮುಂದಿನ ಮಾತು ಆಡದಿರಲಿ ಎಂದು ಹಾಕಿದರು. ಅಂತೂ ಅಲ್ಪ ಮತಗಳ ಅಂತರದಲ್ಲಿ ಗೆದ್ದರು. ಮೊದಲ ಸಭೆಯಲ್ಲೇ ಎದ್ದು ನಿಂತು, ಏನು ಮಾಡುತ್ತೀರಿ ಎಂದು ಕೇಳುವುದಿಲ್ಲ, ಏನು ಮಾಡಿದಿರಿ ಹೇಳಿ ಎಂದರಂತೆ. ಮೈಕಣ್ಣ, ಧರಣಿಯಪ್ಪ ಇಬ್ಬರೂ ಅಭ್ಯಾಸಬಲದಿಂದ ಪುಸ್ತಕ ಹುಡುಕಿದರಂತೆ.

ಆ ಸುದ್ದಿ ಬಂದ ಮರುದಿನ ಸಂಜೆಯ ತರಗತಿಯಲ್ಲಿ ಸಂಭಾಷಣೆಯ ಪಾಠವಿತ್ತು. ನಿವೃತ್ತ ಅಂಚೆಯವರು ಪದಗಳನ್ನು ಒಂದೊಂದಾಗಿ ಜೋಡಿಸಿ, ನಿಮ್ಮ ಊರನ್ನು ಯಾಕೆ ಬಿಟ್ಟು ಬಂದಿರಿ ಎಂದು ಕೇಳಿದರು.

"ರಾಜಕೀಯದ ಕಾಟ" ಎಂದಳು ತಿದ್ದಕ್ಕ.

ಹಲ್ಲಿನ ವೈದ್ಯೆ ಮರುಕದಿಂದ ತಲೆಯಾಡಿಸಿ, ಮನೆಯಲ್ಲಿ ಯಾರಿದ್ದಾರೆ, ಏನು ಮಾಡುತ್ತಾರೆ ಎಂದಳು.

"ಅಮ್ಮ ಇದ್ದಾರೆ" ಎಂದ ತಿದ್ದಕ್ಕನಿಗೆ ಮುಂದಿನ ಮಾತು ಹೇಳಲು ನಗು ಬಿಡಲಿಲ್ಲ. ತರಗತಿಯವರು ಪೆನ್ನು ಹಿಡಿದು, ಹೊಸ ಪದ ಬರುತ್ತದೆಂದು ಕಾಯುತ್ತಿದ್ದರು.